ಇವತ್ತ್ ಆತ್ತಿಲ್ಲೆ

ಗ್ರೀಸಿನಿಂದ ವಾಪಸು ಬಂದು ಎರಡು ತಿಂಗಳಾಯಿತು. ಫೋಟೋಗಳನ್ನು ಊರಿಗೆ ಕಳಿಸಿ ಆಯಿತು, ಮಗಳ ಹೆಗಲ ಮೇಲಿನ ಬಿಸಿಲಿನ ಗುರುತೂ ಮಾಸಿತು. ಒಂದು ಮಾತು ಮಾತ್ರ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ಉಳಿದುಕೊಂಡಿದೆ. ಬೇರೆ ಯಾರೋ ಆಡಿದ್ದಾದರೆ ಮರೆಯಬಹುದಿತ್ತು. ಆಡಿದವಳು ನಾನೇ. ಮಿಲೋಸ್ ದ್ವೀಪದ ಅಡಮಾಸ್ ಬಂದರಿನಲ್ಲಿ, ಬೆಳಿಗ್ಗೆ ಎಂಟೂವರೆ ಹೊತ್ತಿಗೆ, ಅರವತ್ತರ ಆಸುಪಾಸಿನ ಒಬ್ಬ ಬೋಟಿನವರ ಮುಖಕ್ಕೆ ಮುಖ ಕೊಟ್ಟು ಇಂಗ್ಲಿಷಿನಲ್ಲಿ ಹೇಳಿದೆ: ‘ನಾವು ದುಡ್ಡು ಕೊಟ್ಟಿದ್ದೇವಲ್ಲ.’

ನಾನು ಉಡುಪಿ ಹತ್ತಿರದ ಕೋಡಿಬೆಂಗ್ರೆಯವಳು. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಒಂದು ಪಟ್ಟಿ ಮರಳು. ಅದರ ಮೇಲೆ ನಮ್ಮ ಮನೆ. ಅಪ್ಪಯ್ಯನದು ನಾಡದೋಣಿ. ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳು. ನಾನು ಓದಿ, ಎಂಜಿನಿಯರಾಗಿ, ಈಗ ಹದಿಮೂರು ವರ್ಷದಿಂದ ಕಡಲೇ ಇಲ್ಲದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಆ ಮಾತನ್ನು ಅಪ್ಪಯ್ಯನಿಗೆ ಬೇರೊಬ್ಬರು ಹೇಳುವುದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಪಕ್ಕದಲ್ಲೇ ನಿಂತು ಕೇಳಿದ್ದೆ. ಅದಕ್ಕೇ ಇದು ಇಷ್ಟು ಚುಚ್ಚುತ್ತದೆ.

ಕಲ್ಲಿನ ಕಂಬಗಳಿಗಾಗಿ

ಮಿಲೋಸಿಗೆ ಹೋಗುವವರಲ್ಲಿ ಹೆಚ್ಚಿನವರು ಕ್ಲೆಫ್ಟಿಕೊ ನೋಡಲು ಹೋಗುತ್ತಾರೆ. ದ್ವೀಪದ ನೈಋತ್ಯ ಮೂಲೆಯಲ್ಲಿ ಕಡಲಿನಿಂದ ಎದ್ದ ಬಿಳಿ ಬಂಡೆಗಳು, ಅವುಗಳೊಳಗೆ ಕಮಾನುಗಳು, ಗುಹೆಗಳು. ಗ್ರೀಕಿನಲ್ಲಿ ಕ್ಲೆಫ್ಟಿಸ್ ಎಂದರೆ ಕಳ್ಳ. ಕಡಲ್ಗಳ್ಳರು ಅವಿತುಕೊಳ್ಳುತ್ತಿದ್ದ ಜಾಗ ಅದು. ನನ್ನ ಗಂಡ, ಮಗಳು ಇಬ್ಬರಿಗೂ ಅದೇ ಬೇಕಿತ್ತು. ನನಗೆ ಬೇಕಿದ್ದದ್ದು ದ್ವೀಪದ ಉತ್ತರಕ್ಕೆ, ದಡದಿಂದ ಸ್ವಲ್ಪ ದೂರ ಕಡಲಲ್ಲಿ ನಿಂತಿರುವ ನಾಲ್ಕು ಪುಟ್ಟ ಬಂಡೆ ದ್ವೀಪಗಳು. ಅವುಗಳ ಹೆಸರು ಗ್ಲಾರೊನೀಸಿಯಾ, ಎಂದರೆ ಕಡಲಕ್ಕಿಗಳ ದ್ವೀಪಗಳು. ಅವುಗಳ ಮೈಯೆಲ್ಲ ಆರು ಮೂಲೆಯ ಕಲ್ಲಿನ ಕಂಬಗಳು, ಒಂದಕ್ಕೊಂದು ಒತ್ತಿ ನಿಲ್ಲಿಸಿದ ಪೆನ್ಸಿಲ್ ಕಟ್ಟಿನ ಹಾಗೆ. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಮಲ್ಪೆಯ ಎದುರಿನ ತೋನ್ಸೆಪಾರ್, ಎಂದರೆ ಸೇಂಟ್ ಮೇರೀಸ್ ದ್ವೀಪ, ಕಣ್ಣಿಗೆ ಬಂದಿರುತ್ತದೆ.

ನಾನು ತೋನ್ಸೆಪಾರಿಗೆ ಅಪ್ಪಯ್ಯನ ದೋಣಿಯಲ್ಲಿ ಹೋದದ್ದು ಒಂದೇ ಒಂದು ಸಲ. ನಮ್ಮಲ್ಲಿ ಹೆಣ್ಣುಮಕ್ಕಳು ದೋಣಿ ಹತ್ತುವ ರೂಢಿ ಇರಲಿಲ್ಲ. ಒಂದು ಜನವರಿಯ ಬೆಳಿಗ್ಗೆ, ಕಡಲು ಎಣ್ಣೆ ಹೊಯ್ದ ಹಾಗೆ ಮಲಗಿದ್ದಾಗ, ಯಾಕೋ ಏನೋ ಅಪ್ಪಯ್ಯ ‘ಬಾ’ ಎಂದು ಕರೆದುಕೊಂಡು ಹೋಗಿದ್ದರು. ಅಲ್ಲಿ ಒಂದು ಕಂಬದ ತಲೆಯ ಮೇಲೆ ನನ್ನನ್ನು ಕೂರಿಸಿ ಮೂಲೆಗಳನ್ನು ಎಣಿಸಲು ಹೇಳಿದರು. ಆರು. ಪಕ್ಕದ್ದು? ಐದು. ಅದರ ಪಕ್ಕದ್ದು? ಮತ್ತೆ ಆರು. ಯಾರು ಕಡಿದರು ಇದನ್ನು ಎಂದು ಕೇಳಿದೆ. ‘ಯಾರೂ ಕಡಿಲಿಲ್ಲೆ, ತನ್ನಷ್ಟಕ್ಕೇ ಒಡ್ದದ್’ ಎಂದರು. ಕಾಲೇಜಿನಲ್ಲಿ ಭೂವಿಜ್ಞಾನ ಓದಿದವರೊಬ್ಬರು ಮುಂದೆ ನನಗೆ ವಿವರಿಸಿದ್ದೂ ಅದನ್ನೇ: ಕರಗಿದ ಕಲ್ಲು ನಿಧಾನ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಬೇಸಿಗೆಯ ಗದ್ದೆಯ ಕೆಸರಿನ ಹಾಗೆ ಬಿರಿಯುತ್ತದೆ, ಆ ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತ ಹೋಗಿ ಕಂಬವಾಗುತ್ತದೆ. ನಮ್ಮ ದ್ವೀಪದ ಕಂಬಗಳಿಗೆ ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲ. ಮಿಲೋಸಿನ ಜ್ವಾಲಾಮುಖಿಗಳು ಅದರ ಮುಂದೆ ನಿನ್ನೆ ಮೊನ್ನೆಯವು, ಕೆಲವು ಹತ್ತು ಲಕ್ಷ ವರ್ಷಗಳ ಲೆಕ್ಕದವು. ಎರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಕಲ್ಲು ಎಲ್ಲಿ ಆರಿದರೂ ಒಂದೇ ಥರ ಒಡೆಯುತ್ತದೆ, ಅಷ್ಟೇ. ಆದರೂ ಹೊರಡುವ ಮೊದಲು ಫೋನಿನಲ್ಲಿ, ನಿಮ್ಮ ತೋನ್ಸೆಪಾರಿನಂಥದ್ದೇ ಇನ್ನೊಂದು ಉಂಟು ಅಪ್ಪಯ್ಯ, ಫೋಟೋ ತೆಗೆದು ಕಳಿಸುತ್ತೇನೆ ಎಂದುಬಿಟ್ಟೆ. ಅವರಿಗೆ ಈಗ ಎಪ್ಪತ್ತೆಂಟು. ದೋಣಿ ಬಿಟ್ಟು ಒಂಬತ್ತು ವರ್ಷವಾಯಿತು. ‘ಹೌದಾ’ ಎಂದಷ್ಟೇ ಹೇಳಿದರೂ, ಅದರ ಮರುವಾರ, ‘ಆ ಕಲ್ಲ್ ನೋಡುಕೆ ಯಾವತ್ತ್ ಹೋಪುದ್?’ ಎಂದು ತಾವಾಗಿಯೇ ಕೇಳಿದ್ದರು.

ನಾವು ಇಡೀ ಬೋಟನ್ನೇ ಬಾಡಿಗೆಗೆ ಹಿಡಿದದ್ದು ಇದಕ್ಕೇ. ಮೂವತ್ತು ನಲವತ್ತು ಜನರನ್ನು ತುಂಬಿಕೊಂಡು ಹೋಗುವ ಬೋಟುಗಳು ತಮ್ಮ ದಾರಿಯಲ್ಲಿ ಹೋಗುತ್ತವೆ. ನನ್ನ ಕಲ್ಲಿಗಾಗಿ ಅವು ತಿರುಗುವುದಿಲ್ಲ. ಒಂದು ದಿನಕ್ಕೆ, ನಮಗೆ ಮೂವರಿಗೇ, ಒಂದು ಬೋಟು ಮತ್ತು ಅದನ್ನು ನಡೆಸುವವರು. ನಾವು ಕೊಟ್ಟ ಹಣ ನಮ್ಮ ಅರ್ಧ ತಿಂಗಳ ಮನೆ ಬಾಡಿಗೆಯಷ್ಟು. ಇಷ್ಟು ಕೊಟ್ಟ ಮೇಲೆ ಆ ದಿನ ನಮ್ಮದು ಎಂಬ ಭಾವನೆ ತಾನಾಗಿಯೇ ಬರುತ್ತದೆ. ‘ಪ್ರೈವೇಟ್’ ಎಂಬ ಪದ ಮಾಡುವ ಕೆಲಸವೇ ಅದು.

ದಕ್ಕೆಯ ಮೇಲೆ

ಅಂದು ಜುಲೈ ಕೊನೆಯ ವಾರ. ಆಕಾಶದಲ್ಲಿ ಒಂದು ಮೋಡವಿಲ್ಲ. ಅಡಮಾಸ್ ಇರುವುದು ಕುದುರೆ ಲಾಳದಂಥ ದ್ವೀಪದ ಒಳಮಡಿಲಿನಲ್ಲಿ; ಆ ಕೊಲ್ಲಿಯ ನೀರು ಕೆರೆಯ ಹಾಗೆ ಇತ್ತು. ಬೋಟು ಸುಮಾರು ಹತ್ತು ಮೀಟರಿನದು, ಮರದ್ದು, ಮುಂದೂ ಹಿಂದೂ ಚೂಪಾಗಿ ಎದ್ದ ಮೈ, ನೀಲಿ ಅಂಚು. ಕ್ಯಾಪ್ಟನ್ ನಮ್ಮ ಕೈ ಕುಲುಕಿದರು, ಮಗಳಿಗೆ ಲೈಫ್ ಜಾಕೆಟ್ ತೊಡಿಸಿದರು, ಆಮೇಲೆ ತೀರ ಸಾಧಾರಣ ದನಿಯಲ್ಲಿ ಹೇಳಿದರು: ಇವತ್ತು ಗ್ಲಾರೊನೀಸಿಯಾಗೆ ಹೋಗುವುದಿಲ್ಲ, ಕ್ಲೆಫ್ಟಿಕೊಗೆ ಹೋಗೋಣ.

ಯಾಕೆ ಎಂದೆ. ಮೆಲ್ತೇಮಿ ಎಂದರು. ಬೇಸಿಗೆಯಲ್ಲಿ ಈಜಿಯನ್ ಕಡಲಿನ ಮೇಲೆ ಉತ್ತರದಿಂದ ಬೀಸುವ ಒಣಗಾಳಿ ಅದು. ಅಲ್ಲಿಯವರೆಲ್ಲ ಗಾಳಿಯನ್ನು ಬೋಫೋರ್ ಲೆಕ್ಕದಲ್ಲೇ ಮಾತಾಡುತ್ತಾರೆ. ಬ್ರೆಡ್ ಕೊಳ್ಳಲು ಬಂದವರೂ ನಾಳೆ ಎಷ್ಟು ಬೋಫೋರ್ ಎಂದು ಕೇಳುವುದನ್ನು ನೋಡಿದ್ದೆ. ಈಗ ಐದು, ಮಧ್ಯಾಹ್ನಕ್ಕೆ ಆರು ಎಂದರು. ಐದು ಎಂದರೆ ಗಂಟೆಗೆ ಸುಮಾರು 29ರಿಂದ 38 ಕಿಲೋಮೀಟರ್ ಗಾಳಿ, ಆರು ಎಂದರೆ 49ರವರೆಗೂ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ಕೆರೆಯಂಥ ನೀರು. ಇಲ್ಲಿ ಏನೂ ಇಲ್ಲವಲ್ಲ ಎಂದೆ. ಇದು ಕೊಲ್ಲಿ, ಅದು ಉತ್ತರದ ತೆರೆದ ಬದಿ ಎಂದರು. ಬಂದರಿನವರು ನಿಷೇಧ ಹಾಕಿದ್ದಾರಾ ಎಂದು ಕೇಳಿದೆ. ಗಾಳಿ ಮಿತಿ ಮೀರಿದರೆ ಅಲ್ಲಿ ಬಂದರು ಅಧಿಕಾರಿಗಳು ಹೊರಡಬೇಡಿ ಎಂದು ಆದೇಶ ಹೊರಡಿಸುತ್ತಾರೆ, ಅಪಗೊರೆಫ್ಟಿಕೊ ಎನ್ನುತ್ತಾರೆ ಅದಕ್ಕೆ. ಅದನ್ನು ಹಿಂದಿನ ರಾತ್ರಿಯಷ್ಟೇ ಓದಿಕೊಂಡಿದ್ದೆ. ಇಲ್ಲ, ನಿಷೇಧ ಇಲ್ಲ ಎಂದರು. ಹಾಗಾದರೆ? ಅವರು ಒಂದು ಅಂಗೈಯನ್ನು ಗೋಡೆಯ ಹಾಗೆ ನಿಲ್ಲಿಸಿದರು, ಇನ್ನೊಂದನ್ನು ತೆರೆಯ ಹಾಗೆ ತಂದು ಅದಕ್ಕೆ ಬಡಿಸಿ ಹಿಂದಕ್ಕೆ ಎಳೆದರು, ಮತ್ತೆ ಬಡಿಸಿದರು. ಕಂಬಗಳು ನೆಟ್ಟಗೆ ನೀರಿಗೆ ಇಳಿಯುತ್ತವೆ, ಬಡಿದ ತೆರೆ ಅಲ್ಲಿ ಸಾಯುವುದಿಲ್ಲ, ವಾಪಸು ಬರುತ್ತದೆ, ಬರುವ ತೆರೆಯೂ ಹೋಗುವ ತೆರೆಯೂ ಸೇರಿ ನೀರು ಎತ್ತೆತ್ತಲೋ ಏಳುತ್ತದೆ ಎಂದು ತಮ್ಮ ತುಂಡು ಇಂಗ್ಲಿಷಿನಲ್ಲಿ ಹೇಳಿದರು.

ನನಗೆ ಅರ್ಥವಾಯಿತು. ನಿಜ ಹೇಳಬೇಕೆಂದರೆ ಅವರು ಕೈ ಎತ್ತುವ ಮೊದಲೇ ಅರ್ಥವಾಗಿತ್ತು. ಆದರೂ ಆ ಮಾತು ಬಾಯಿಂದ ಹೊರಟಿತು. ‘ಇದು ಪ್ರೈವೇಟ್ ಬೋಟು. ನಾವು ಅದಕ್ಕೇ ದುಡ್ಡು ಕೊಟ್ಟಿದ್ದೇವಲ್ಲ.’

ಅವರು ಸಿಟ್ಟಾಗಲಿಲ್ಲ. ಬೇಡವಾದರೆ ಹಣ ವಾಪಸು ಕೊಡುತ್ತೇನೆ ಎಂದರು. ಹಾಗೆ ಹೇಳುವಾಗ ಅವರ ಕೈ ಹಗ್ಗದ ಮೇಲಿತ್ತು. ಬಿಚ್ಚಲೂ ಇಲ್ಲ, ಬಿಗಿಯಲೂ ಇಲ್ಲ. ನನ್ನ ಗಂಡ ಮೈಸೂರಿನವರು, ಕಡಲೆಂದರೆ ಒಳಗೊಳಗೇ ಹೆದರಿಕೆ. ಅವರು ನನ್ನ ತೋಳು ಹಿಡಿದು, ‘ಬಿಡು, ಕ್ಲೆಫ್ಟಿಕೊಗೇ ಹೋಗೋಣ’ ಎಂದರು. ಹೊರಟೆವು.

ಅಳಿವೆಯ ಬಾಗಿಲು

1994ರ ಮೇ ತಿಂಗಳ ಕೊನೆ. ಘಟ್ಟದ ಮೇಲಿನಿಂದ ಬಂದ ಆರೇಳು ಜನ, ಒಂದು ಮೆಟಡೋರ್ ವ್ಯಾನಿನಲ್ಲಿ. ಯಾರೋ ಪರಿಚಯದವರ ಮೂಲಕ ಎರಡು ದಿನ ಮೊದಲೇ ಇನ್ನೂರು ರೂಪಾಯಿ ಮುಂಗಡ ಕೊಟ್ಟಿದ್ದರು, ತೋನ್ಸೆಪಾರಿಗೆ ಕರೆದುಕೊಂಡು ಹೋಗಿ ಬರಲು. ಆ ಇನ್ನೂರು ರೂಪಾಯಿ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅಮ್ಮ ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಶಾಲೆ ಶುರುವಾಗುವಾಗ ನಿನ್ನ ಪುಸ್ತಕಕ್ಕೆ ಎಂದು ಹೇಳಿದ್ದಳು. ಬೆಳಿಗ್ಗೆ ಅವರು ಬಂದಾಗ ಅಪ್ಪಯ್ಯ ದಡಕ್ಕೆ ಎಳೆದ ದೋಣಿಯ ನೆರಳಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ತಲೆ ಎತ್ತಿ, ‘ಇವತ್ತ್ ಆತ್ತಿಲ್ಲೆ’ ಎಂದರು.

ಬಿಸಿಲಿತ್ತು. ಕಡಲು ನೀಲಿಯಾಗಿತ್ತು. ದೂರದಲ್ಲಿ ದ್ವೀಪ ಕೈಗೆ ಸಿಕ್ಕುವ ಹಾಗೆ ಕಾಣುತ್ತಿತ್ತು. ಬಂದವರಲ್ಲಿ ಹಿರಿಯರೊಬ್ಬರು, ಬಿಳಿ ಪಂಚೆ, ಕೈಯಲ್ಲಿ ವಾಚು, ತಾಳ್ಮೆಯಿಂದಲೇ ಮಾತಾಡಿದರು. ಹೆಂಗಸರು ಮಕ್ಕಳು ಆಸೆಪಟ್ಟು ಬಂದಿದ್ದಾರೆ ಎಂದರು. ಇನ್ನೂ ನೂರು ಕೊಡುತ್ತೇವೆ ಎಂದರು. ಅಪ್ಪಯ್ಯ ಅದನ್ನೇ ಹೇಳಿದರು. ಕೊನೆಗೆ ಅವರ ದನಿ ಏರಿತು. ‘ಏನಯ್ಯ ಇದು, ದುಡ್ಡು ಕೊಟ್ಟಿದ್ದೇವಲ್ಲ!’ ಆ ‘ಏನಯ್ಯ’ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ನಮ್ಮ ಕೇರಿಯಲ್ಲಿ ಅಪ್ಪಯ್ಯನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ. ಅಪ್ಪಯ್ಯ ನನ್ನ ಕಡೆ ತಿರುಗಿ, ‘ಅಬ್ಬಿ ಹತ್ರ ಆ ದುಡ್ಡ್ ತಕಂಬಾ’ ಎಂದರು. ನಾನು ಮನೆಗೆ ಓಡಿ, ಅಕ್ಕಿ ಡಬ್ಬಿಯಿಂದ ತೆಗೆದು, ತಂದು ಕೊಟ್ಟೆ. ನೋಟಿಗೆ ಅಕ್ಕಿಯ ಹುಡಿ ಅಂಟಿಕೊಂಡಿತ್ತು. ಆ ಹಿರಿಯರು ಅದನ್ನು ಒರೆಸಿ ಕಿಸೆಗಿಟ್ಟುಕೊಂಡರು.

ಇಂಥ ಕತೆಗಳಲ್ಲಿ ಆಮೇಲೆ ತೂಫಾನ್ ಬರುತ್ತದೆ, ಹಿರಿಯರ ಮಾತು ನಿಜವಾಗುತ್ತದೆ. ಅವತ್ತು ಏನೂ ಬರಲಿಲ್ಲ. ಮಧ್ಯಾಹ್ನ ಕಡಲು ಇನ್ನಷ್ಟು ಶಾಂತವಾಗಿತ್ತು. ಸಂಜೆ ಬೇರೆ ಒಂದೆರಡು ದೋಣಿಯವರು ಹೋಗಿ ಮೀನೂ ಹಿಡಿದು ತಂದರು. ನಾನು ಅತ್ತೆ. ರಾತ್ರಿ ಊಟದ ಹೊತ್ತಿಗೆ, ಹೋಗಬಹುದಿತ್ತಲ್ಲ ಎಂದು ಅಪ್ಪಯ್ಯನನ್ನು ಕೇಳಿಯೇಬಿಟ್ಟೆ. ಅವರು ಗಂಜಿಗೆ ಉಪ್ಪು ಕಲಸುತ್ತ, ‘ಹೋಪುಕಾತ್ತ್. ಬಪ್ಪುದ್ ಹ್ಯಾಂಗೆ?’ ಎಂದರು.

ಇದನ್ನು ಬಿಡಿಸಿ ಅರ್ಥ ಮಾಡಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ನಮ್ಮಲ್ಲಿ ಸ್ವರ್ಣಾ, ಸೀತಾ ಹೊಳೆಗಳೆರಡೂ ಕೂಡಿ ಒಂದೇ ಬಾಗಿಲಿನಿಂದ ಕಡಲಿಗೆ ಇಳಿಯುತ್ತವೆ. ಆ ಅಳಿವೆಯಲ್ಲಿ ಮರಳಿನ ದಿಬ್ಬ ಇದೆ, ಪ್ರತಿ ವರ್ಷ ಜಾಗ ಬದಲಿಸುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ದೋಣಿಯನ್ನು ಹೊರಗೆ ಒಯ್ಯುವುದು ಸುಲಭ. ಅದೇ ಹೊತ್ತಿಗೆ ಕಡಲಿನಿಂದ ಉದ್ದ ತೆರೆ ಬರತೊಡಗಿದರೆ, ಹೊರಗೆ ಹರಿಯುವ ನೀರಿಗೆ ಎದುರಾಗಿ ಅದು ಕಡಿದಾಗಿ ಏಳುತ್ತದೆ, ದಿಬ್ಬದ ಮೇಲೆ ಒಡೆಯುತ್ತದೆ. ಮಳೆಗಾಲ ಊರಿಗೆ ಬರುವ ಮೊದಲೇ ಅದರ ತೆರೆ ಬರುತ್ತದೆ, ಬಿಸಿಲಿರುವಾಗಲೇ, ಗಾಳಿ ಇಲ್ಲದಾಗಲೇ. ಅಪ್ಪಯ್ಯ ಆ ಬೆಳಿಗ್ಗೆ ಏನನ್ನು ನೋಡಿದ್ದರೋ ಅವರೇ ಹೇಳಲಾರರು. ನೀರಿನ ಬಣ್ಣವೋ, ದಡಕ್ಕೆ ಬಿದ್ದ ತೆರೆಗಳ ನಡುವಿನ ಅಂತರವೋ. ಅವರ ಲೆಕ್ಕದಲ್ಲಿ ದಡದಲ್ಲಿ ನಿಂತವರಿಗೆ ಕಾಣುವುದು ಹೋಗುವ ಕಡಲು ಮಾತ್ರ. ವಾಪಸು ಬರುವ ಕಡಲು ಇನ್ನೂ ಹುಟ್ಟಿರುವುದಿಲ್ಲ, ಅದನ್ನು ಊಹಿಸಿಯೇ ಉತ್ತರ ಹೇಳಬೇಕು, ಹಾಗೆ ಹೇಳಿದ ಉತ್ತರ ಸರಿಯಾಗಿತ್ತೋ ತಪ್ಪಾಗಿತ್ತೋ ಎನ್ನುವುದು ಹೆಚ್ಚಿನ ದಿನ ಗೊತ್ತೇ ಆಗುವುದಿಲ್ಲ.

ಎರಡು ಗಾಳಿ, ಒಂದು ಒಲೆ

ಬೋಟು ಕ್ಲೀಮಾದ ಮುಂದೆ ಹಾದಾಗ ಮಗಳು ಎದ್ದು ನಿಂತಳು. ನೀರಿಗೆ ಮೆಟ್ಟಿಲಿಟ್ಟ ಹಾಗೆ ಒಂದು ಸಾಲು ಪುಟ್ಟ ಮನೆಗಳು, ಕೆಳಗಿನ ಬಾಗಿಲುಗಳು ಕೆಂಪು, ನೀಲಿ, ಹಸಿರು, ಹಳದಿ. ಅವು ದೋಣಿ ಕೊಟ್ಟಿಗೆಗಳು. ಗ್ರೀಕಿನಲ್ಲಿ ಸಿರ್ಮಾತಾ ಎನ್ನುತ್ತಾರೆ, ಎಳೆಯುವುದು ಎಂಬ ಅರ್ಥದ ಮಾತಿನಿಂದ ಬಂದದ್ದು. ಗಾಳಿ ಜೋರಾದಾಗ, ಚಳಿಗಾಲ ಬಂದಾಗ ದೋಣಿಯನ್ನು ಒಳಗೆ ಎಳೆದು ಬಾಗಿಲು ಹಾಕುವುದು, ಮೇಲಿನ ಕೋಣೆಯಲ್ಲಿ ಮನೆಯವರು. ಮನೆಗಿಂತ ಮೊದಲು ದೋಣಿಗೆ ಜಾಗ ಮಾಡಿದ ಊರು. (1820ರಲ್ಲಿ ಒಬ್ಬ ರೈತನ ಹೊಲದಲ್ಲಿ ಸಿಕ್ಕಿ ಈಗ ಪ್ಯಾರಿಸಿನ ಲೂವ್ರ್‌ನಲ್ಲಿರುವ ವೀನಸ್ ವಿಗ್ರಹ ಇದೇ ಕ್ಲೀಮಾದ ಮೇಲಿನ ಗುಡ್ಡದ್ದು. ಕ್ಯಾಪ್ಟನ್ ಕೈ ತೋರಿಸಿದರು. ನಾನು ಬಾಗಿಲುಗಳನ್ನೇ ನೋಡುತ್ತಿದ್ದೆ.)

ಕೊಲ್ಲಿಯ ಬಾಯಿ ದಾಟಿದ ಕೂಡಲೇ ಗಾಳಿ ಸಿಕ್ಕಿತು. ಕೆರೆಯಂಥ ನೀರು ಹೋಗಿ ಬೆಳ್ಳನೆ ನೊರೆ ಹೊತ್ತ ತೆರೆ ಬಲಗಡೆಯಿಂದ ಬಂದು ಬೋಟನ್ನು ಎತ್ತಿ ಇಳಿಸಿತು. ಗಂಡ ಕಂಬ ಹಿಡಿದುಕೊಂಡರು. ನಾಲಿಗೆಯ ಮೇಲೆ ಉಪ್ಪು. ಕ್ಯಾಪ್ಟನ್ ಮಾತಾಡದೆ ಚುಕ್ಕಾಣಿಯಲ್ಲಿ ಸಣ್ಣ ಸಣ್ಣ ತಿದ್ದುಪಡಿ ಮಾಡುತ್ತ, ಹತ್ತು ಹದಿನೈದು ನಿಮಿಷದಲ್ಲಿ ಪಶ್ಚಿಮ ದಂಡೆಯ ಮರೆಗೆ ತಂದರು. ಅಲ್ಲಿ ಮತ್ತೆ ನೀರು ಮಲಗಿತು. ಆಗ ಅವರು ತಿರುಗಿ ನನ್ನನ್ನು ಕೇಳಿದ್ದು, ನಿಮ್ಮ ಊರು ಯಾವುದು ಎಂದು. ಜರ್ಮನಿ ಎನ್ನಲು ಹೋದವಳು, ಇಂಡಿಯಾ, ಪಶ್ಚಿಮ ಕರಾವಳಿ, ನನ್ನ ಅಪ್ಪ ಮೀನುಗಾರರು ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ‘ಹಾಗಾದರೆ ಈಗ ಅಲ್ಲಿ ನಿಮ್ಮವರೂ ದಡದಲ್ಲಿರಬೇಕಲ್ಲ’ ಎಂದರು.

ಹೌದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ, ತೋನ್ಸೆಪಾರಿಗೆ ಹೋಗುವ ಪ್ರವಾಸಿ ಬೋಟುಗಳೂ ಬಂದ್. ಅದೇ ಜುಲೈಯಲ್ಲಿ, ಮೆಲ್ತೇಮಿಯ ಕಾರಣಕ್ಕೆ, ಇವರೂ ಉತ್ತರದ ಬದಿಗೆ ಹೋಗುವುದಿಲ್ಲ. ಕಾಕತಾಳೀಯ ಎಂದುಕೊಂಡೆ. ಮನೆಗೆ ಬಂದು ಓದಿದ ಮೇಲೆ ಅಲ್ಲವೆಂದು ತಿಳಿಯಿತು. ಅಂದಿನಿಂದ ಈ ವಿಷಯವನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಬೇಸಿಗೆಯಲ್ಲಿ ನಮ್ಮ ಉಪಖಂಡ ಕಾದು, ವಾಯವ್ಯ ಭಾರತ ಮತ್ತು ಪಾಕಿಸ್ತಾನದ ಮೇಲೆ ವಾಯುಭಾರ ಕುಸಿಯುತ್ತದೆ. ನೈಋತ್ಯ ಮಾರುತವನ್ನು ಅರಬ್ಬೀ ಸಮುದ್ರದ ಮೇಲಿಂದ ಎಳೆಯುವುದರಲ್ಲಿ ಅದರದೇ ದೊಡ್ಡ ಪಾಲು, ಇಷ್ಟು ಶಾಲೆಯಲ್ಲೇ ಕಲಿತದ್ದು. ಆದರೆ ಆ ಕುಸಿತ ಅಲ್ಲಿಗೇ ನಿಲ್ಲುವುದಿಲ್ಲ. ಇರಾನ್, ಕೊಲ್ಲಿಯ ನಾಡು ದಾಟಿ ಟರ್ಕಿಯ ತನಕ ಒಂದು ಕಾಲುವೆಯ ಹಾಗೆ ಚಾಚಿಕೊಂಡಿರುತ್ತದೆ. ಅತ್ತ ಬಾಲ್ಕನ್ ಸೀಮೆಯ ಮೇಲೆ ವಾಯುಭಾರ ಹೆಚ್ಚು. ಈ ಎತ್ತರ ತಗ್ಗಿನ ನಡುವೆ ಸಿಕ್ಕ ಈಜಿಯನ್ ಕಡಲಿನ ಮೇಲೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ಅದೇ ಮೆಲ್ತೇಮಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಿಯಾನ್ ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು ಒಂದು ಸಂಗತಿ ತೋರಿಸಿದರು. ನಮ್ಮ ಮಳೆಮೋಡಗಳಲ್ಲಿ ಆವಿ ನೀರಾಗುವಾಗ ಬಿಡುಗಡೆಯಾಗುವ ಅಪಾರ ಶಾಖ ವಾತಾವರಣದಲ್ಲಿ ದೊಡ್ಡ ಅಲೆಯೊಂದನ್ನು ಎಬ್ಬಿಸಿ ಪಶ್ಚಿಮಕ್ಕೆ ಕಳಿಸುತ್ತದೆ, ಅದರ ಪರಿಣಾಮವಾಗಿ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಎಂದರೆ ನನ್ನ ತಲೆಯ ಮೇಲಿದ್ದ ಆ ಒಂದು ಮೋಡವೂ ಇಲ್ಲದ ನೀಲಿಯಲ್ಲಿ ಆಗುಂಬೆಯ ಮಳೆಗೂ ಒಂದು ಪಾಲಿದೆ. ಕೋಡಿಬೆಂಗ್ರೆಯಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯೂ ಮಿಲೋಸಿನ ಒಣಬಿಸಿಲೂ ಒಂದೇ ಒಲೆಯ ಎರಡು ಬದಿ. ಹಳೆಯ ಗ್ರೀಕರು, ಅರಿಸ್ಟಾಟಲನೂ ಸೇರಿ, ಈ ಗಾಳಿಯನ್ನು ಕರೆದದ್ದು ‘ವರ್ಷ ವರ್ಷ ಬರುವವು’ ಎಂಬರ್ಥದ ಹೆಸರಿನಿಂದ. ಮಾನ್ಸೂನ್ ಎಂಬ ಪದದ ಹಿಂದಿರುವ ಅರಬ್ಬಿಯ ಮೌಸಿಮ್ ಎಂದರೂ ಋತುಮಾನವೇ. ಎರಡು ಕಡೆಯ ಕಡಲಿನವರೂ ಗಾಳಿಗೆ ಪಂಚಾಂಗದ ಹೆಸರಿಟ್ಟಿದ್ದಾರೆ.

ಕರ್ಪೂಝಿ

ಸೀಕಿಯಾ ಎಂಬ ಗುಹೆಯ ಚಾವಣಿ ಯಾವಾಗಲೋ ಕುಸಿದು, ಒಳಗಿನ ನೀರಿನ ಮೇಲೆ ಬಿಸಿಲು ಬಾವಿಗೆ ಬಿದ್ದ ಹಾಗೆ ಬೀಳುತ್ತದೆ. ಕ್ಲೆಫ್ಟಿಕೊ ಸುಂದರವಾಗಿದೆ, ಚಿತ್ರಗಳಲ್ಲಿ ನೋಡಿದ್ದಕ್ಕಿಂತ ಸುಂದರ. ಬಂಡೆಯ ಬಿಳುಪು ನೀರಿನ ಕೆಳಗೂ ಮುಂದುವರಿದು ಇಡೀ ಕೊಲ್ಲಿ ಒಳಗಿನಿಂದ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಮಗಳು ಕಮಾನಿನ ಕೆಳಗೆ ಈಜಿ ಹೋಗಿ ಅಲ್ಲಿಂದ ನನ್ನ ಹೆಸರು ಕೂಗಿದಳು, ಅದು ಮೂರು ಸಲ ತಿರುಗಿ ಬಂತು. ಅಂದು ಉತ್ತರಕ್ಕೆ ಹೋಗಲಾರದ ಬೋಟುಗಳೆಲ್ಲ ಅಲ್ಲೇ ಲಂಗರು ಹಾಕಿದ್ದವು, ಇಪ್ಪತ್ತಕ್ಕೆ ಕಡಿಮೆಯಿಲ್ಲ. ನಮ್ಮ ಪ್ರೈವೇಟ್ ದಿನದಲ್ಲಿ ಅಷ್ಟೂ ಜನರಿದ್ದರು, ನನಗೆ ಅದರಿಂದ ಬೇಸರವಾಗಲಿಲ್ಲ. ಗಾಳಿಗೆ ಮರೆಯಾದ ಜಾಗದಲ್ಲಿ ಎಲ್ಲರೂ ಬಂದು ಸೇರುವುದು ಕಡಲಿನಲ್ಲಿ ಹಳೆಯ ಪದ್ಧತಿ. ಮಳೆಗಾಲದ ಮೊದಲ ತೂಫಾನಿಗೆ ಯಾವ ಯಾವ ಊರಿನ ದೋಣಿಗಳೋ ನಮ್ಮ ಹೊಳೆಗೆ ನುಗ್ಗಿ ರಾತ್ರಿ ಕಳೆಯುತ್ತಿದ್ದವು, ಅಮ್ಮ ದೊಡ್ಡ ಪಾತ್ರೆಯಲ್ಲಿ ಗಂಜಿ ಇಡುತ್ತಿದ್ದಳು.

ಮಧ್ಯಾಹ್ನ ಕ್ಯಾಪ್ಟನ್ ಟೊಮೆಟೊ, ಚೀಸು, ಸುಟ್ಟ ಮೀನು ಬಡಿಸಿದರು. ಕೊನೆಗೆ ಪೊಟ್ಟಣ ಬಿಚ್ಚಿ, ಮನೆಯಲ್ಲಿ ಮಾಡಿದ್ದು ಎಂದು ಕಲ್ಲಂಗಡಿಯ ಸಿಹಿ ಕೊಟ್ಟರು. ಕರ್ಪೂಝಿ ಎಂದರೆ ಗ್ರೀಕಿನಲ್ಲಿ ಕಲ್ಲಂಗಡಿ. ಅದರ ತಿರುಳಿಗೆ ಜೇನು, ಎಳ್ಳು ಸೇರಿಸಿ ಬೇಯಿಸಿದ ಈ ತಿನಿಸು ಮಿಲೋಸಿನ ವಿಶೇಷ. ತಿನ್ನುತ್ತ ಬೋಟಿನ ಬಗ್ಗೆ ಕೇಳಿದೆ. ಅವರ ತಂದೆಯ ಕಾಲದ್ದಂತೆ. ಎರಡೂ ತುದಿ ಚೂಪಾದ ಈ ಮೈಕಟ್ಟಿಗೆ ತ್ರೆಖಂದೀರಿ ಎಂದು ಹೆಸರು. ಮೀನು ಕಡಿಮೆಯಾಗುತ್ತಿದೆ, ದೋಣಿಗಳು ಹೆಚ್ಚಾಗಿವೆ ಎಂದು 1990ರ ದಶಕದಿಂದ ಯುರೋಪಿಯನ್ ಒಕ್ಕೂಟ ಮೀನುಗಾರರಿಗೆ ಲೈಸೆನ್ಸ್ ಬಿಡಲು ಹಣ ಕೊಟ್ಟಿತು. ಲೈಸೆನ್ಸ್ ಬಿಟ್ಟವರು ದೋಣಿಯನ್ನೂ ಒಡೆದು ತೋರಿಸಬೇಕಿತ್ತು. ಗ್ರೀಸಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮರದ ದೋಣಿಗಳು ಹಾಗೆ ಹೋದವು. ಅವರ ಚಿಕ್ಕಪ್ಪನ ದೋಣಿಯನ್ನು ಬುಲ್ಡೋಜರ್ ಒಡೆಯುವುದನ್ನು ಇವರು ನಿಂತು ನೋಡಿದ್ದರಂತೆ. ಒಂದೇ ಏಟಿಗೆ ಒಡೆಯಲಿಲ್ಲ ಎಂದರು. ಮೀನು ಉಳಿಯಬೇಕು ಎನ್ನುವುದು ನನಗೆ ಒಪ್ಪಿಗೆ, ನಮ್ಮ 61 ದಿನಗಳ ರಜೆಯೂ ಅದಕ್ಕೇ. ದೋಣಿಯನ್ನು ಒಡೆಯದೆಯೂ ಮೀನು ಉಳಿಸಬಹುದಿತ್ತಲ್ಲವೇ. ಮರ ಬಾಗಿಸುವ ಕೈಗಳು ಒಂದು ತಲೆಮಾರು ಸುಮ್ಮನಿದ್ದರೆ ಮತ್ತೆ ಅವನ್ನು ಎಲ್ಲಿಂದ ತರುವುದು? ಇವರು ಮೀನು ಬಿಟ್ಟು ಪ್ರವಾಸಿಗರನ್ನು ಹತ್ತಿಸಿಕೊಳ್ಳತೊಡಗಿದ್ದು ಬೋಟನ್ನು ಉಳಿಸಿಕೊಳ್ಳಲು. ನಮ್ಮಂಥವರ ಹಣದಿಂದ ಅದರ ಹಲಗೆ, ಬಣ್ಣ, ಎಂಜಿನ್. ಬೆಳಿಗ್ಗೆ ‘ಹಣ ವಾಪಸು ಕೊಡುತ್ತೇನೆ’ ಎಂದಾಗ ಅವರು ಕೊಡಲು ಹೊರಟದ್ದು ಏನನ್ನು ಎಂದು ಆಗ ಗೊತ್ತಾಯಿತು. ಅಕ್ಕಿ ಡಬ್ಬಿಯ ನೋಟು.

ಕ್ಷಮಿಸಿ ಎನ್ನಬೇಕೆಂದಿದ್ದೆ. ಮಾತು ಬಾಯಿಗೆ ಬರುವ ಹೊತ್ತಿಗೆ ಅವರು ಎದ್ದು ಲಂಗರು ಎಳೆಯತೊಡಗಿದ್ದರು. ಎರಡು ಗಂಟೆಗೇ ಹೊರಡಬೇಕು, ಹೋಗುವಾಗ ಗಾಳಿ ಎದುರು ಎಂದರು. ನಾನು ಹೋಗಿ ಹಗ್ಗ ಸುತ್ತಲು ಕೈ ಸೇರಿಸಿದೆ. ಅಪ್ಪಯ್ಯ ಸುತ್ತುತ್ತಿದ್ದ ಹಾಗೆಯೇ, ಎಡಗೈ ಹಿಡಿದು ಬಲಗೈಯಿಂದ ಬಳೆ ಬಳೆಯಾಗಿ. ಅವರು ನೋಡಿ ತಲೆಯಾಡಿಸಿದರು. ವಾಪಸು ಬರುವಾಗ ಕೊಲ್ಲಿಯ ಬಾಯಲ್ಲಿ ನಾವು ಮೂವರೂ ನೆನೆದು ತೊಪ್ಪೆಯಾದೆವು.

ಫೋನು

ಸಂಜೆ ಬಾಡಿಗೆ ಕಾರಿನಲ್ಲಿ ಪೊಲೊನಿಯಾ ದಾರಿಯಲ್ಲಿ ಹೋಗಿ ಫಿಲಕೋಪಿಯ ಹತ್ತಿರ ನಿಲ್ಲಿಸಿದೆವು. ಕಡಲ ಅಂಚಿನಲ್ಲೇ ಕಂಚಿನ ಯುಗದ ಒಂದು ಊರಿನ ಗೋಡೆಗಳಿವೆ. ಮಿಲೋಸಿನ ಒಬ್ಸಿಡಿಯನ್ ಎಂಬ ಕಪ್ಪು ಗಾಜುಗಲ್ಲು ಹತ್ತು ಸಾವಿರ ವರ್ಷಕ್ಕೂ ಹಿಂದೆಯೇ ಕಡಲು ದಾಟಿ ಗ್ರೀಸಿನ ಮುಖ್ಯ ಭೂಮಿಯ ಫ್ರಾಂಕ್ತಿ ಗುಹೆಯನ್ನು ತಲುಪಿತ್ತು. ಹಾಯಿಯೂ ಇರದ ಕಾಲ. ಚಾಕುವಿನ ಅಲಗಿಗೆ ಬೇಕಾದ ಕಲ್ಲಿಗಾಗಿ ಹುಟ್ಟು ಹಾಕಿಕೊಂಡು ಬಂದವರು ಇಲ್ಲೇ ಎಲ್ಲೋ ದಡದಲ್ಲಿ ಕೂತು, ಇವತ್ತು ಆಗುವುದಿಲ್ಲ ಎಂದು ಎಷ್ಟು ದಿನ ಕಾದಿದ್ದಾರೋ.

ಗಾಳಿ ಬಿದ್ದುಹೋಗಿತ್ತು. ಸಂಜೆಗೆ ಮೆಲ್ತೇಮಿ ಹಾಗೆ ಬೀಳುವುದುಂಟು. ಎದುರಿಗೆ ಗ್ಲಾರೊನೀಸಿಯಾ, ತಾಮ್ರದ ಬಣ್ಣದ ನೀರಿನಲ್ಲಿ, ಕೈಗೆ ಸಿಕ್ಕುವ ಹಾಗೆ. ಆ ದೂರಕ್ಕೆ ಕಂಬಗಳು ಕಾಣಲಿಲ್ಲ, ಕಪ್ಪು ಗುಡ್ಡೆಗಳು ಮಾತ್ರ. ‘ಈಗ ಹೋಗಬಹುದಿತ್ತಲ್ಲಮ್ಮ’ ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳಿಗೂ ಈಗ ಹನ್ನೆರಡು.

ಅಲ್ಲಿಂದಲೇ ಊರಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ ದಾಟಿತ್ತು. ಅಪ್ಪಯ್ಯ ಎಚ್ಚರವಿದ್ದರು. ‘ಇಲ್ ಮಳಿ ಹೊಯ್ತಿತ್ತ್’ ಎಂದರು. ಹೆಂಚಿನ ಮೇಲಿನ ಸದ್ದು ನನಗೂ ಕೇಳುತ್ತಿತ್ತು. ಕಲ್ಲು ನೋಡಿದೆಯಾ ಎಂದರು. ಇಲ್ಲ ಅಪ್ಪಯ್ಯ, ಬೋಟಿನವರು ಆಗುವುದಿಲ್ಲ ಎಂದರು ಎಂದೆ.

‘ಗಾಳಿ ಯಾವ್ ಬದಿಂದ?’

‘ಬಡಗಿನಿಂದ.’

‘ಕಲ್ಲ್ ಯಾವ್ ಬದಿಗಿತ್ತ್?’

‘ಬಡಗಿಗೇ.’

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ‘ಮರದ್ ದೋಣಿಯಾ, ಫೈಬರಾ?’ ಮರದ್ದು ಎಂದೆ. ‘ಒಳ್ಳೆ ತಾಂಡೇಲ’ ಎಂದರು. ದೋಣಿ ನಡೆಸುವವರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಆಮೇಲೆ ಕೇಳಿದರು, ‘ನೀನ್ ಎಂತ ಅಂದಿ ಅವ್ರಿಗೆ?’

‘ಎಂತದೂ ಇಲ್ಲ. ಆಯ್ತು ಅಂದೆ’ ಎಂದೆ.

ಅಪ್ಪಯ್ಯ ಮೊಬೈಲಿನಲ್ಲಿ ಏನೂ ಓದುವುದಿಲ್ಲ, ಕಣ್ಣು ಮಂಜು. ನಾನು ಇಲ್ಲಿ ಬರೆಯುವುದನ್ನೆಲ್ಲ ಭಾನುವಾರ ಊಟವಾದ ಮೇಲೆ ಅಣ್ಣ ಅವರಿಗೆ ಓದಿ ಹೇಳುತ್ತಾನೆ. ಇದನ್ನೂ ಓದಿ ಹೇಳುತ್ತಾನೆ.